ಹಿರಿಯರಿಗೊಂದು ಬಲ್ಬು

ನಮ್ಮೂರಿನಲ್ಲಿ ಮನೆಯ ಹಿರಿಯರು ಏಳುವತನಕ ಒಲೆ ಹತ್ತುವುದಿಲ್ಲ. ಸೌದೆ ಒಲೆಯಾದರೂ ಅಷ್ಟೆ, ಗ್ಯಾಸಾದರೂ ಅಷ್ಟೆ. ಕಡ್ಡಿ ಗೀರಿದರೆ ಒಂದಿಷ್ಟು ಹೊಗೆ ಬರುತ್ತದೆಯೇ ಹೊರತು ಉರಿ ಬರುವುದಿಲ್ಲ. ಕರೆಂಟಿನ ಒಲೆ ತಂದು ಜಾಣತನ ತೋರಿಸಲು ಹೋದವರೂ ಇದ್ದಾರೆ. ಅವರ ಮನೆಯ ಹಾಲು ಮಧ್ಯಾಹ್ನದವರೆಗೂ ತಣ್ಣಗೇ ಕೂತಿತ್ತು. ಮನೆಯಲ್ಲಿ ವಾಸವಾಗಿರುವವರಲ್ಲಿ ಎಲ್ಲರಿಗಿಂತ ದೊಡ್ಡವರು ಯಾರೋ ಅವರು ಕಣ್ಣುಬಿಟ್ಟು ನೆಲಕ್ಕೆ ಕಾಲಿಡಬೇಕು. ಆಮೇಲೆ ದಿನವೆಲ್ಲ ಒಲೆ ನಿಮ್ಮದು. ಹಾಗಾಗಿ ಇಲ್ಲಿ ಹೆಣ್ಣು ಕೊಡುವವರು ಹುಡುಗನ ಸಂಬಳಕ್ಕಿಂತ ಮೊದಲು ಅವನ ಅಜ್ಜ ಎಷ್ಟು ಹೊತ್ತಿಗೆ ಏಳುತ್ತಾನೆಂದು ವಿಚಾರಿಸುತ್ತಾರೆ. ಹಟ ಹಿಡಿದು ಬೇರೆ ಸಂಸಾರ ಹೂಡಿದ ಗಂಡಹೆಂಡತಿಯರು ತಿಂಗಳೊಪ್ಪತ್ತು ಸುಖವಾಗಿದ್ದು, ಆಮೇಲೆ ಬೇಗ ಏಳುವುದು ಸಾಕಾಗಿ ಎಲ್ಲಿಂದಲೋ ಒಬ್ಬ ಸೋದರತ್ತೆಯನ್ನು ಹುಡುಕಿ ತಂದು ಇಟ್ಟುಕೊಳ್ಳುತ್ತಾರೆ.

ನಮ್ಮ ಮನೆಯ ಹಿರಿಯರು ನಮ್ಮತ್ತೆ, ಚೆಲುವಾಜಮ್ಮ. ಮಾವ ತೀರಿಕೊಂಡ ಮೇಲೆ ಆ ಪಟ್ಟ ಅವರಿಗೆ ಬಂತು. ಅಂದಿನಿಂದ ಜ್ವರವಿರಲಿ, ನೆಗಡಿಯಿರಲಿ, ಹಿಂದಿನ ದಿನ ನನ್ನ ಜೊತೆ ಜಗಳವೇ ಆಗಿರಲಿ, ಕೋಳಿ ಕೂಗುವ ಮೊದಲೇ ಎದ್ದು, ಗೋಡೆ ಸವರಿಕೊಂಡು ಅಡುಗೆಮನೆಗೆ ಹೋಗಿ ಒಲೆ ಹತ್ತಿಸಿ, "ಏಳ್ರೋ, ಒಲೆ ಹತ್ತೈತೆ!" ಎಂದು ಬೀದಿಯ ಕೊನೆಯ ಮನೆಗೂ ಕೇಳುವಂತೆ ಕೂಗುತ್ತಿದ್ದರು. ಮನೆಯಲ್ಲಿರುವವರು ನಾವು ಮೂವರೇ, ಅವರು, ಅವರ ಮಗ ಕೆಂಪರಾಜು, ನಾನು. ಇಬ್ಬರನ್ನು ಎಬ್ಬಿಸಲು ಅಷ್ಟು ದೊಡ್ಡ ಗಂಟಲು ಬೇಕಿರಲಿಲ್ಲ. ಆದರೆ ಬೀದಿಯಲ್ಲಿ ಮೊದಲು ಹತ್ತುವ ಒಲೆ ನಮ್ಮದು ಎಂಬುದು ಎಲ್ಲರಿಗೂ ಗೊತ್ತಾಗಬೇಕಲ್ಲ.

ನನಗೂ ಅವರಿಗೂ ಅಷ್ಟಕ್ಕಷ್ಟೆ. ಅವರ ಮೇಲಿನ ದೂರನ್ನು ನಾನು ಪಕ್ಕದ ಮನೆ ಮೋಹನಾಂಬಳಿಗೆ ಹೇಳುತ್ತಿದ್ದೆ. ನನ್ನ ಮೇಲಿನ ದೂರನ್ನು ಅವರೂ ಅದೇ ಮೋಹನಾಂಬಳಿಗೆ ಹೇಳುತ್ತಿದ್ದರು. ಇಬ್ಬರ ಕೈಯಿಂದಲೂ ಕಾಫಿ ಕುಡಿದು ಮೋಹನಾಂಬ ದಪ್ಪಗಾಗಿದ್ದಳು. ಆದರೂ ಈ ಸಲದ ಚಳಿಗಾಲದಲ್ಲಿ ಒಂದು ಬೆಳಿಗ್ಗೆ ನನಗೆ ಬೇಗ ಎಚ್ಚರವಾಗಿ ನೋಡಿದರೆ, ಅತ್ತೆ ಮಂಚದ ಅಂಚಿನಲ್ಲಿ ಕೂತು ಎರಡೂ ಕೈಯಲ್ಲಿ ಮಂಡಿ ಅದುಮಿಕೊಂಡು, ತುಟಿ ಕಚ್ಚಿಕೊಂಡು, ಎದ್ದು ನಿಲ್ಲುವ ಧೈರ್ಯ ಕೂಡಿಸಿಕೊಳ್ಳುತ್ತಿದ್ದರು. ನನ್ನ ನಾಲಿಗೆ ಹರಿತ ಎನ್ನುವವರು ಸುಳ್ಳು ಹೇಳುವುದಿಲ್ಲ. ಆದರೆ ಆ ದಿನ ನನಗೆ ತುಂಬಾ ಸಂಕಟವಾಯಿತು. ಇವರಿಗೆ ಹೇಗಾದರೂ ಮಾಡಿ ಬಿಸಿಲು ಬರುವತನಕ ಮಲಗುವ ಭಾಗ್ಯ ಕೊಡಿಸಬೇಕು ಎಂದು ನಿಶ್ಚಯಿಸಿದೆ. ನಾನು ನಿಶ್ಚಯಿಸಿದರೆ ಯಾರನ್ನೂ ಕೇಳುವವಳಲ್ಲ.

ಕೆರೆಯಾಚೆಗೆ ಆಮೆಮನೆ ಎಂದಿದೆ. ಮನೆಮಂದಿಯೆಲ್ಲ ತೀರಿಹೋಗಿ ಒಂಟಿಯಾದ ನೆಲದಾಮೆಗಳನ್ನು ಅಲ್ಲಿ ಸಾಕುತ್ತಾರೆ, ಬೇಕೆಂದವರಿಗೆ ಕೊಡುತ್ತಾರೆ. ಒಲೆಗೆ ಹಿರಿಯರು ಮನುಷ್ಯರೇ ಆಗಬೇಕೆಂದಿಲ್ಲ. ಮನೆಯಲ್ಲಿರುವ ಆಮೆ ವಯಸ್ಸಿನಲ್ಲಿ ಅತ್ತೆಗಿಂತ ದೊಡ್ಡದಾಗಿದ್ದರೆ ಅದು ಎದ್ದರೆ ಸಾಕು, ಒಲೆ ಹತ್ತುತ್ತದೆ. ಅತ್ತೆ ಮಲಗಿಯೇ ಇರಬಹುದು. ಅಲ್ಲಿನ ಮೇಲ್ವಿಚಾರಕಿ ಜಯಶೀಲಾ ಎರಡು ಆಮೆಗಳನ್ನು ತಂದು ನನ್ನ ಮುಂದಿಟ್ಟಳು. "ಇವೆರಡೂ ಜೊತೇಲೇ ಬೆಳ್ದಿರೋವು, ಬೇರೆ ಮಾಡೋ ಹಂಗಿಲ್ಲ. ದೊಡ್ಡದಕ್ಕೆ ನೂರು ದಾಟಿರ್ಬೇಕು. ಚಳಿ ಮುಗಿಯೋವರ್ಗೂ ಒಳಗೇ ಇಡಿ. ಅಗಲವಾದ ಪೆಟ್ಟಿಗೆ ಮಾಡ್ಸಿ, ಮುಚ್ಚಳ ಬೇಡ. ಒಂದ್ ತುದೀಲಿ ಬಲ್ಬು, ಇನ್ನೊಂದ್ ತುದೀಲಿ ನೆರಳು. ಬಿಸಿ ಬೇಕಾದ್ರೆ ಇಲ್ಲಿಗ್ ಬರುತ್ತೆ, ಸಾಕಾದ್ರೆ ಅಲ್ಲಿಗ್ ಹೋಗುತ್ತೆ. ದಿನಾ ಬೆಳಿಗ್ಗೆ ಉಗುರುಬೆಚ್ಚಗಿನ ನೀರಲ್ಲಿ ಕೂರಿಸ್ಬೇಕು. ಸೊಪ್ಪು, ದಾಸವಾಳ ಕೊಡಿ. ಅನ್ನ ಮೊಸರು ಅಂತ ಪ್ರೀತಿ ತೋರಿಸೋಕ್ ಹೋಗ್ಬೇಡಿ," ಎಂದಳು. ನಾನು ಎಲ್ಲ ಗೊತ್ತಿರುವವಳಂತೆ ತಲೆಯಾಡಿಸಿದೆ. ಆಮೆ ಸಾಕುವುದೇನು ಬ್ರಹ್ಮವಿದ್ಯೆಯೇ?

ಆ ಭಾನುವಾರ ಕೆಂಪರಾಜು ಹಳೆಯ ಬಾಗಿಲ ಹಲಗೆಗಳನ್ನು ಜೋಡಿಸಿ ಪೆಟ್ಟಿಗೆ ಮಾಡಿದರು. ಹಿತ್ತಿಲ ಮಣ್ಣಿಗೆ ಮರಳು ಬೆರೆಸಿ ತುಂಬಿದೆವು. ಒಡೆದ ಮಡಕೆಯ ಎರಡು ಹೋಳುಗಳನ್ನು ಬೋರಲು ಹಾಕಿ ಇಬ್ಬರಿಗೂ ಒಂದೊಂದು ಕೋಣೆ ಮಾಡಿದೆವು. ಉಯ್ಯಾಲೆ ಮಣೆಯ ಕೊಕ್ಕೆಗೆ ಬಲ್ಬು ತೂಗುಹಾಕಿದೆವು. ಹಿರಿಯರಿಗೆ ಗಾಳಿ ಬೆಳಕು ಇರಲಿ ಎಂದು ಪೆಟ್ಟಿಗೆಯನ್ನು ನಡುಮನೆಯ ಕಿಟಕಿಯ ಕೆಳಗೇ ಇಟ್ಟೆ. ಅತ್ತೆ ಕುರ್ಚಿಯಲ್ಲಿ ಕೂತು ಅವರೆಕಾಳು ಹಿದುಕುತ್ತ, "ಮನೇಲಿರೋ ಬಾಯಿಗೇ ಸಾಲ್ದು ಅಂತೀಯಾ, ಇನ್ನೆರಡು ತಂದ್ಯಾ?" ಎಂದು ನಗುತ್ತಿದ್ದರು. ಸಂಜೆ ನಾನು ಅವರ ಕಾಲಬುಡದಲ್ಲಿ ಕೂತು, "ಅತ್ತೆ, ಇದು ನಿಮಗಿಂತ ದೊಡ್ಡದು. ನಾಳೆಯಿಂದ ಇದೇ ಏಳುತ್ತೆ. ನೀವು ಹಾಯಾಗಿ ಮಲಗಿ," ಎಂದೆ. ಅತ್ತೆಯ ಕೈಯಲ್ಲಿದ್ದ ಕಾಳು ಜಾರಿ ನೆಲಕ್ಕೆ ಬಿತ್ತು. "ಯಾರ್ನ ಕೇಳಿ ತಂದೆ?" ಎಂದಷ್ಟೇ ಕೇಳಿ ಒಳಗೆ ಹೋದರು. ಸಂತೋಷಕ್ಕೆ ಮಾತು ಹೊರಡಲಿಲ್ಲವೆಂದು ನಾನು ತಿಳಿದುಕೊಂಡೆ.

ಮರುದಿನ ಬೆಳಿಗ್ಗೆ ಅಡುಗೆಮನೆಯಲ್ಲಿ ಕರಕರ ಸದ್ದಾಗಿ ಎದ್ದು ಹೋದೆ. ಅತ್ತೆ ಎಂದಿನಂತೆ ಎದ್ದು ಒಲೆಯ ಮುಂದೆ ನಿಂತಿದ್ದರು. ಕಾಲಬುಡದಲ್ಲಿ ಗೀರಿ ಎಸೆದ ಕಡ್ಡಿಗಳು ಬಿದ್ದಿದ್ದವು. ನನ್ನನ್ನು ನೋಡಿ, ತಪ್ಪು ಮಾಡಿ ಸಿಕ್ಕಿಬಿದ್ದವರಂತೆ ಬೆಂಕಿಪೊಟ್ಟಣವನ್ನು ಸೆರಗಿನಲ್ಲಿ ಮುಚ್ಚಿಕೊಂಡು, "ಹತ್ಲಿಲ್ಲ ಕಣೇ," ಎಂದರು. ಅವರ ದನಿ ಅಷ್ಟು ಸಣ್ಣಗಿದ್ದದ್ದನ್ನು ನಾನು ಎಂದೂ ಕೇಳಿರಲಿಲ್ಲ. ಹಾಸಿಗೆಗೆ ಹೋಗಿ ಗೋಡೆಯ ಕಡೆ ಮುಖಮಾಡಿ ಮಲಗಿದರು. ಬಿಸಿಲು ಬಂದರೂ ಏಳಲಿಲ್ಲ, ಆಮೆಯೂ ಏಳಲಿಲ್ಲ. ಬಿಸಿಲು ಚೆನ್ನಾಗಿ ಏರಿದ ಮೇಲೆ ದೊಡ್ಡ ಆಮೆ ಮಡಕೆಯೊಳಗಿಂದ ತಲೆ ಹಾಕಿ ಒಂದು ಹೆಜ್ಜೆ ಇಟ್ಟಿತು, ಒಲೆ ಹತ್ತಿತು. ಕೆಂಪರಾಜು ಅಷ್ಟರಲ್ಲಿ ಎರಡು ಬಾಳೆಹಣ್ಣು ತಿಂದು ಕೆಲಸಕ್ಕೆ ಹೋಗಿಯಾಗಿತ್ತು.

ಊರಲ್ಲಿ ಇಂಥ ಸುದ್ದಿ ಮುಚ್ಚಿಡಲಾಗುವುದಿಲ್ಲ. ಬೀದಿಯಲ್ಲಿ ಅತ್ತೆಯ ಕೂಗು ಕೇಳಿಸದೆ ಇದ್ದದ್ದರಿಂದಲೇ ಎಲ್ಲರಿಗೂ ಗೊತ್ತಾಗಿಹೋಯಿತು. ಮೊದಲು ಬಂದವಳು ಮೋಹನಾಂಬ. "ಅತ್ತೆಗೊಂದು ಕಾಲ ಸೊಸೆಗೊಂದು ಕಾಲ ಅಂತಾರೆ. ನಿಮ್ಮನೇಲಿ ಆಮೆಗೂ ಒಂದು ಕಾಲ ಬಂತಲ್ಲೇ ಇಂದ್ರಾಣಿ!" ಎಂದು ಹೊಟ್ಟೆ ಹಿಡಿದುಕೊಂಡು ನಕ್ಕಳು. ಆಮೇಲೆ ಬಂದವನು ಹೋಟೆಲಿನ ಗವಿರಂಗಯ್ಯ. ಅವನ ಹೋಟೆಲು ಮನೆಯೂ ಹೌದು. ಅವನಪ್ಪ ತೀರಿಕೊಂಡ ಮೇಲೆ ಅಲ್ಲಿ ಅವನೇ ಹಿರಿಯ. ಅವನೋ ಮೊದಲ ದರ್ಜೆಯ ನಿದ್ದೆಬಡುಕ. ಊರಿನ ಇಡ್ಲಿ ಮಧ್ಯಾಹ್ನದ ಊಟದ ಹೊತ್ತಿಗೆ ಬೇಯುತ್ತಿತ್ತು. ಅವನು ಅತ್ತೆಯ ಮುಂದೆ ಕೈಕಟ್ಟಿ ನಿಂತು, "ಅಮ್ಮಾ, ಕಿಟಕಿ ಪಕ್ಕ ಮಂಚ ಹಾಕ್ಸಿದ್ದೀನಿ. ನಮ್ಮಲ್ಲಿ ಬಂದಿರಿ. ಒಂದ್ ಕೆಲ್ಸಾನೂ ಮಾಡ್ಬೇಡಿ. ಎದ್ರೆ ಸಾಕು," ಎಂದ.

ಅತ್ತೆ ಗೋಡೆಯಿಂದ ಈ ಕಡೆ ತಿರುಗಿದರು. "ನಾನೆದ್ರೆ ಎಷ್ಟು ಇಡ್ಲಿ ಬೇಯ್ತಾವೆ?" ಎಂದು ಕೇಳಿದರು. "ಊರಿಗೆಲ್ಲಾ ಆಗೋಷ್ಟು," ಎಂದ ಗವಿರಂಗಯ್ಯ. "ಸರಿ. ಬರೋ ಸೋಮವಾರ ಬೇಡ, ಅದರಾಚೆ ಸೋಮವಾರ ಬಂದು ಕರ್ಕೊಂಡ್ ಹೋಗು," ಎಂದು ಅತ್ತೆ ಎದ್ದು ಕೂತರು. ನಾನು ಅಡುಗೆಮನೆಯ ಬಾಗಿಲಲ್ಲಿ ಸಟ್ಟುಗ ಹಿಡಿದು ನಿಂತಿದ್ದವಳು ನಿಂತೇ ಇದ್ದೆ. ಗಣಪನ್ನ ಮಾಡಲು ಹೋಗಿ ಅವರಪ್ಪನ್ನ ಮಾಡಿದ ಹಾಗಾಯಿತು. ಮಂಡಿನೋವಿನ ಮುದುಕಿಗೆ ನಿದ್ದೆ ಕೊಡಿಸಲು ಹೋಗಿ ಮನೆಯನ್ನೇ ಬಿಡಿಸುತ್ತಿದ್ದೆ. ಹೋಗಬೇಡಿ ಎಂಬ ಒಂದೇ ಮಾತು ಬಾಯಿಗೆ ಬರಬೇಕಿತ್ತು. ಇಷ್ಟು ವರ್ಷ ಕುಟುಕಿ ಅಭ್ಯಾಸವಾದ ಬಾಯಿಗೆ ಅದು ಬರಲಿಲ್ಲ.

ಎರಡೂ ಆಮೆಗಳನ್ನು ಬುಟ್ಟಿಯಲ್ಲಿಟ್ಟುಕೊಂಡು ಆಮೆಮನೆಗೆ ಓಡಿದೆ. ಜಯಶೀಲಾ ಬುಟ್ಟಿಯೊಳಗೆ ಇಣುಕಿ ನೋಡಿ, "ಇದು ಎದ್ದು ನಿಮ್ಮನೆ ಒಲೆ ಹತ್ತಿ ಆಯ್ತಾ?" ಎಂದಳು. ಹೌದೆಂದೆ. "ಹಂಗಾದ್ರೆ ಮುಗೀತು. ಅದು ನಿಮ್ಮನೆ ಹಿರಿಯರು. ಹಿರಿಯರನ್ನ ಯಾರಾದ್ರೂ ವಾಪಸ್ ಕೊಡ್ತಾರೇನಮ್ಮಾ? ನಾಳೆ ನಿಮ್ಮತ್ತೇನೂ ತಂದ್ ಬಿಡ್ತೀರಾ?" ಎಂದು ಬಾಗಿಲು ಹಾಕಿಕೊಂಡಳು. ಮನೆಗೆ ವಾಪಸಾದ ಮೇಲೆ, ಆಮೆಯನ್ನು ಹೊರಗೆ ಹಿತ್ತಿಲಲ್ಲಿ ಇಟ್ಟರೆ ಲೆಕ್ಕಕ್ಕೆ ಬರುವುದಿಲ್ಲವೇನೋ ಎಂದು ಕೆಂಪರಾಜು ರಾಗ ಎಳೆದರು. ಚಳಿಗೆ ಏನಾದರೂ ಆದರೆ ಆ ಪಾಪ ಯಾರು ಹೊರುವುದು? ಉಳಿದದ್ದು ಒಂದೇ ದಾರಿ. ಆಮೆ ಎಲ್ಲರಿಗಿಂತ ಬೇಗ ಎದ್ದು ಒಲೆ ಹೊತ್ತಿಗೆ ಸರಿಯಾಗಿ ಹತ್ತಿಬಿಟ್ಟರೆ ಅತ್ತೆಯ ಸಿಟ್ಟೂ ಇಳಿಯಬಹುದು ಎಂದುಕೊಂಡು ಆರೈಕೆಗೆ ಟೊಂಕ ಕಟ್ಟಿದೆ. ಆ ತರ್ಕ ಎಲ್ಲಿಂದ ಹುಟ್ಟಿತೋ ಈಗ ನನಗೇ ತಿಳಿಯದು.

ಆರೈಕೆ ಎಂದರೆ ಏನು ಹೇಳಲಿ. ಬಲ್ಬನ್ನು ಮೇಲೆ ಕಟ್ಟಿದರೆ ಬಿಸಿ ತಾಗದು, ಕೆಳಗೆ ಇಳಿಸಿದರೆ ಚಿಪ್ಪು ಕಾದ ಹೆಂಚಾಗುತ್ತಿತ್ತು. ಒಂದು ಬಲ್ಬಿಗೆ ಏಳದ್ದು ಎರಡಕ್ಕಾದರೂ ಏಳಲಿ ಎಂದು ಕೆಂಪರಾಜು ಎರಡೂ ತುದಿಗೆ ಬಲ್ಬು ಹಾಕಿದರು. ಸೆಖೆ ತಾಳದೆ ಸಣ್ಣ ಆಮೆ ನೀರಿನ ತಟ್ಟೆಯೊಳಗೇ ಬೀಡುಬಿಟ್ಟಿತು. ದೊಡ್ಡದು ಮರಳಿನಲ್ಲಿ ಹೂತುಕೊಂಡು ಕಾಣೆಯಾಯಿತು, ಹುಡುಕಲು ಸೌಟು ಹಾಕಿ ಕೆದಕಬೇಕಾಯಿತು. ಇದೆಲ್ಲಕ್ಕಿಂತ ದೊಡ್ಡ ತಲೆನೋವು ನೀರಿನದು. ಬಿಸಿನೀರಲ್ಲಿ ಕೂರಿಸಿದರೆ ಆಮೆ ಏಳುತ್ತದೆ. ನೀರು ಬಿಸಿಯಾಗಲು ಒಲೆ ಹತ್ತಬೇಕು. ಒಲೆ ಹತ್ತಲು ಆಮೆ ಏಳಬೇಕು. ಈ ಚಕ್ರದೊಳಗೆ ಸಿಕ್ಕಿ ನಾನು ಚೊಂಬು ಹಿಡಿದುಕೊಂಡು ಮೋಹನಾಂಬಳ ಬಾಗಿಲಿಗೆ ಹೋಗಿ, "ಒಂದು ಚೊಂಬು ಬಿಸಿನೀರು ಕೊಡೇ, ನಮ್ಮ ಹಿರಿಯರು ಎದ್ದಿಲ್ಲ," ಎಂದು ಬೇಡಿದೆ. ಅವಳು ಕೊಟ್ಟಳು, ಆದರೆ ಬೀದಿಯ ಹೆಂಗಸರನ್ನೆಲ್ಲ ಕರೆದು ಸಾಕ್ಷಿ ಇಟ್ಟುಕೊಂಡೇ ಕೊಟ್ಟಳು. ಮನೆಗೆ ತರುವಷ್ಟರಲ್ಲಿ ಚಳಿಗೆ ನೀರು ತಣ್ಣಗಾಗಿತ್ತು.

ಅತ್ತೆ ಇದಾವುದಕ್ಕೂ ಬಾಯಿಹಾಕಲಿಲ್ಲ. ನಡುಮನೆಯಲ್ಲಿ ಟ್ರಂಕು ತೆರೆದಿಟ್ಟುಕೊಂಡು ಒಂದೊಂದೇ ಸೀರೆ ಮಡಿಸಿ ಇಡುತ್ತಿದ್ದರು. ಇಟ್ಟದ್ದನ್ನು ತೆಗೆದು ಮತ್ತೆ ಮಡಿಸುತ್ತಿದ್ದರು. ಒಮ್ಮೆ ಮಾತ್ರ, ನಾನು ಮರಳಲ್ಲಿ ಕೈಯಾಡಿಸುತ್ತಿದ್ದಾಗ, "ನಾನಿದ್ದಾಗ ಹಿಂಗ್ ಹುಡುಕ್ತಿರ್ಲಿಲ್ಲ ನನ್ನ," ಎಂದರು. ಆ ಮಾತು ನನ್ನೊಳಗೆ ಮುಳ್ಳು ಮುರಿದ ಹಾಗೆ ಕೂತಿತು.

ಶುಕ್ರವಾರ ದೊಡ್ಡ ಆಮೆ ಏಳಲೇ ಇಲ್ಲ. ಒಲೆ ದಿನವೆಲ್ಲ ತಣ್ಣಗಿತ್ತು. ನಾವು ಕಡಲೆಪುರಿ ಕಲಸಿಕೊಂಡು ತಿಂದೆವು, ಸೌತೆಕಾಯಿ ಹೆಚ್ಚಿಕೊಂಡು ತಿಂದೆವು. ಕೆಂಪರಾಜು ಬಾಳೆಹಣ್ಣಿನ ಹೆಸರೆತ್ತಿದರೆ ಎದ್ದು ಹೋಗುವ ಸ್ಥಿತಿಗೆ ಬಂದಿದ್ದರು. ಜಯಶೀಲಾ ಹೇಳಿದ್ದನ್ನು ಮರೆತು, ಪಾಪ ಹಸಿದಿರಬೇಕೆಂದು ಹಿಂದಿನ ದಿನದ ಮೊಸರನ್ನದ ತುತ್ತೊಂದನ್ನು ಅದರ ಮೂತಿಯ ಹತ್ತಿರ ಹಿಡಿದೆ. ಆಗ ನೋಡಿದೆ, ಮೂಗಿನ ತುದಿಯಲ್ಲಿ ಗುಳ್ಳೆ. ಉಸಿರಾಡಿದರೆ ಸಣ್ಣಗೆ ಸಿಳ್ಳೆ. "ಅಯ್ಯೋ, ಇದಕ್ಕೆ ನೆಗಡಿಯಾಗಿದೆ!" ಎಂದು ಕೂಗಿಕೊಂಡೆ. ನಿಜ ಹೇಳುತ್ತೇನೆ, ಆಗ ನನಗೆ ಒಲೆಯ ನೆನಪಾಗಲಿಲ್ಲ. ನೂರು ಚಳಿ ಕಂಡ ಜೀವ ನನ್ನ ಕೈಯಲ್ಲಿ ಹೋಗುತ್ತಿದೆ ಎಂದು ಅಳು ಬಂತು.

ಅತ್ತೆ ಸೀರೆ ಮಡಿಸುವುದನ್ನು ಬಿಟ್ಟು ಎದ್ದು ಬಂದರು. ಪೆಟ್ಟಿಗೆಯ ಮುಂದೆ ಬಗ್ಗಿ ಆ ಸುಕ್ಕುಗಟ್ಟಿದ ಕುತ್ತಿಗೆಯನ್ನು, ಅರ್ಧ ಮುಚ್ಚಿದ ಕಣ್ಣುಗಳನ್ನು ಬಹಳ ಹೊತ್ತು ನೋಡಿದರು. ಆಮೇಲೆ ಅವರು ಮಾಡಿದ್ದನ್ನು ನಾನು ಸಾಯುವತನಕ ಮರೆಯುವುದಿಲ್ಲ. ಮೆಲ್ಲನೆ ಸೆರಗನ್ನು ತಲೆಯ ಮೇಲೆ ಎಳೆದುಕೊಂಡರು. ಅತ್ತೆಯ ತಲೆಯ ಮೇಲೆ ಸೆರಗು ಇದ್ದದ್ದನ್ನು ನಾನು ನೋಡಿಯೇ ಇರಲಿಲ್ಲ. ಅದು ಹಿರಿಯರಿರುವ ಮನೆಯ ಸೊಸೆಯಂದಿರ ಲಕ್ಷಣ. ನನ್ನ ಕಡೆ ತಿರುಗಿ ಗದರಿದರು: "ಹಿರಿಯರ ಮುಂದೆ ಹಿಂಗಾ ಕಾಲು ಚಾಚ್ಕೊಂಡು ಕೂರೋದು? ಎದ್ದೇಳು! ಲೋ ಕೆಂಪ, ಕುರ್ಚಿಯಿಂದ ಇಳಿ ಮೊದ್ಲು." ಕೆಂಪರಾಜು ಧಡಕ್ಕನೆ ಎದ್ದು ನಿಂತರು.

ಅಲ್ಲಿಂದ ಮನೆಯ ಚಾರ್ಜು ಅವರದು. "ಕಿಟಕಿ ಕೆಳಗಿಟ್ಟಿದ್ದೀಯಲ್ಲೇ, ಗಾಳಿ ನೆಟ್ಟಗೆ ನೆತ್ತಿಗೆ ಬಡೀತೈತೆ. ವಯಸ್ಸಾದವ್ರನ್ನ ಗಾಳಿಗೆ ಮಲಗಿಸ್ತಾರಾ?" ಎಂದು ಪೆಟ್ಟಿಗೆಯನ್ನು ಒಳಗೋಡೆಗೆ ಎಳೆಸಿದರು. ಒಂದು ತುದಿಯ ಬಲ್ಬು ಕಿತ್ತುಹಾಕಿಸಿದರು. ಇನ್ನೊಂದರ ಕೆಳಗೆ ತಮ್ಮ ಅಂಗೈ ಹಿಡಿದು, ಅದಕ್ಕೆ ಹಿತವಾಗುವಷ್ಟು ಎತ್ತರಕ್ಕೆ ಬಲ್ಬು ಕಟ್ಟಿಸಿದರು. ಒದ್ದೆಯಾಗಿದ್ದ ಮರಳನ್ನೆಲ್ಲ ತೆಗೆಸಿ ಒಣಮಣ್ಣು ಹಾಕಿಸಿದರು. ನನ್ನನ್ನು ಆಮೆಮನೆಗೆ ಓಡಿಸಿ ಮೂಗಿಗೆ ಹಾಕುವ ಔಷಧಿ ತರಿಸಿದರು. ನೀರಿನ ಚಕ್ರವನ್ನು ಅವರು ಬಿಡಿಸಿದ ರೀತಿಗೆ ನಾನು ಹಣೆ ಚಚ್ಚಿಕೊಂಡೆ. "ಫ್ಲಾಸ್ಕ್ ಇಲ್ವೇನೇ ಮನೇಲಿ? ಒಲೆ ಇದ್ದಾಗ್ಲೇ ಬಿಸಿನೀರು ತುಂಬಿಡೋದು. ನಮ್ಮತ್ತೇನೂ ಹಿಂಗೇ. ಕಾಲಿಗೆ ಬಿಸಿನೀರು ಹಾಕ್ದೆ ಹಾಸಿಗೆಯಿಂದ ಏಳ್ತಿರ್ಲಿಲ್ಲ. ನಾನು ರಾತ್ರೀನೇ ಬೂದಿ ಒಳಗೆ ಚೊಂಬು ಹೂತಿಡ್ತಿದ್ದೆ," ಎಂದರು. ಆ ಸಂಜೆ ಮೋಹನಾಂಬಳ ಮನೆಯಿಂದ ಫ್ಲಾಸ್ಕ್ ತುಂಬಿಸಿ ತಂದೆ. ಈ ಸಲ ಅವಳು ಯಾರನ್ನೂ ಕರೆಯಲಿಲ್ಲ.

ಮರುದಿನ ಕೋಳಿ ಕೂಗುವ ಮೊದಲೇ ಅತ್ತೆ ಎದ್ದರು. ಬಲ್ಬು ಹಾಕಿದರು. ಸ್ವಲ್ಪ ಹೊತ್ತಾದ ಮೇಲೆ ಅಗಲದ ತಟ್ಟೆಗೆ ಬೆಚ್ಚನೆಯ ನೀರು ಸುರಿದು, "ಏಳಿ, ಬೆಳಗಾಯ್ತು," ಎಂದು ಬಹುವಚನದಲ್ಲಿ ಹೇಳಿ, ದೊಡ್ಡ ಆಮೆಯನ್ನು ಎರಡು ಕೈಯಲ್ಲಿ ಎತ್ತಿ ಕೂರಿಸಿದರು. ಮೊದಲು ಒಂದು ಕಾಲು ಬಂತು. ಆಮೇಲೆ ತಲೆ. ನೀರು ಕುಡಿದು, ತಟ್ಟೆಯಿಂದ ಇಳಿಸಿದ ಮೇಲೆ ಬಲ್ಬಿನ ಕಡೆ ನಾಲ್ಕು ಹೆಜ್ಜೆ ಹಾಕಿತು. ಅಡುಗೆಮನೆಯಲ್ಲಿ ನಾನು ಕಡ್ಡಿ ಗೀರಿದೆ, ನೀಲಿ ಉರಿ ಎದ್ದಿತು. "ಹತ್ತಿತು ಅತ್ತೆ!" ಎಂದು ಬೀದಿಗೆಲ್ಲ ಕೇಳುವಂತೆ ಕೂಗಿದವಳು ನಾನು. "ಶ್, ಮೆಲ್ಲಗೆ! ಹಿರಿಯರಿದ್ದಾರೆ," ಎಂದು ಅತ್ತೆ ಗದರಿದರು.

ಮೂಗಿನ ಗುಳ್ಳೆ ನಿಂತು, ದಾಸವಾಳ ತಿನ್ನತೊಡಗಿದ ಮೇಲೆ ಅತ್ತೆ ಒಂದು ಹೊಸ ಅಭ್ಯಾಸ ಹಚ್ಚಿಕೊಂಡರು. ಕಾಫಿ ಲೋಟ ಹಿಡಿದು ಅಡುಗೆಮನೆಗೆ ಬಂದು, ಬಾಗಿಲನ್ನು ಅರ್ಧ ಮುಂದೆ ಮಾಡಿ, ನನ್ನ ಪಕ್ಕ ನೆಲದ ಮೇಲೆ ಕೂತು ಪಿಸುದನಿಯಲ್ಲಿ ಶುರುಮಾಡಿದರು. "ನುಗ್ಗೆಸೊಪ್ಪು ಕೊಟ್ರೆ ಮೂತಿ ತಿರುಗಿಸ್ತಾರೆ ಕಣೇ. ದಾಸವಾಳಾನೇ ಆಗ್ಬೇಕಂತೆ. ಅದೂ ಕೆಂಪುದೇ." ನಾನೂ ದನಿ ತಗ್ಗಿಸಿ, "ಸಣ್ಣವರ ಪಾಲನ್ನೂ ತಿಂತಾರೆ ಅತ್ತೆ. ನಾನು ನೋಡ್ದೆ," ಎಂದೆ. "ಮೊದಲಿಂದಾನೂ ಹಂಗೇ ಇರ್ಬೇಕು. ಬೆಳೆಸಿದವ್ರು ಮುದ್ದು ಮಾಡಿ ಕೆಡಿಸವ್ರೆ," ಎಂದು ಅತ್ತೆ ಲೊಚಗುಟ್ಟಿದರು. ಈ ಮನೆಗೆ ಬಂದಾಗಿನಿಂದ ನಾವಿಬ್ಬರೂ ಒಬ್ಬರ ಮೇಲೊಬ್ಬರು ಚಾಡಿ ಹೇಳಿದ್ದುಂಟು, ಒಟ್ಟಿಗೆ ಕೂತು ಇನ್ನೊಬ್ಬರ ಮೇಲೆ ಹೇಳಿದ್ದಿಲ್ಲ. ಅದರ ರುಚಿಯೇ ಬೇರೆ. ಕೇಳಿಸಿಕೊಳ್ಳಲು ಬಂದ ಮೋಹನಾಂಬಳಿಗೆ ಅಂದು ಏನೂ ಸಿಗಲಿಲ್ಲ, ಕಾಫಿಯೂ ಒಂದೇ ಲೋಟ.

ಆದರೆ ಟ್ರಂಕು ಮಾತ್ರ ತುಂಬಿಯೇ ಇತ್ತು. ಕೊಟ್ಟ ಮಾತು ಕೊಟ್ಟದ್ದೇ ಎನ್ನುವ ಹೆಂಗಸು ಅವರು. ಹೊರಡಬೇಕಾದ ಹಿಂದಿನ ದಿನ, ಭಾನುವಾರ ಸಂಜೆ, ಬಲ್ಬು ಯಾವಾಗ ಆರಿಸಬೇಕು, ನೀರು ಎಷ್ಟು ಬೆಚ್ಚಗಿರಬೇಕು ಎಂದೆಲ್ಲ ನನಗೆ ಪಾಠ ಒಪ್ಪಿಸಿದರು. ನಾನು ಹೂಂ ಹೂಂ ಎನ್ನುತ್ತಿದ್ದೆ. ಇವರು ಹೋದರೆ ನಾನು ಪಿಸುಗುಡುವುದು ಯಾರ ಹತ್ತಿರ?

ಸೋಮವಾರ ಗವಿರಂಗಯ್ಯ ಆಟೋ ತಂದು ನಿಲ್ಲಿಸಿದ. ಅಭ್ಯಾಸವಿಲ್ಲದೆ ಬೇಗ ಎದ್ದು ಬಂದಿದ್ದರಿಂದ ಕಣ್ಣು ಕೆಂಪಗಿತ್ತು. ಕೆಂಪರಾಜು ಟ್ರಂಕನ್ನು ಹೊಸ್ತಿಲವರೆಗೆ ತಂದಿಟ್ಟು ತಲೆತಗ್ಗಿಸಿ ನಿಂತರು. ನಾನು ಬಾಯಿ ತೆರೆದೆ. "ಅತ್ತೆ, ಹೋಗ್..." ಎಂದು ಬಂತು, ಅಷ್ಟಕ್ಕೇ ನಿಂತಿತು. ಅತ್ತೆ ನನ್ನ ಮುಖವನ್ನೊಮ್ಮೆ ನೋಡಿದರು. ಚಪ್ಪಲಿ ಮೆಟ್ಟಲು ಎತ್ತಿದ ಕಾಲನ್ನು ಹಿಂದಕ್ಕೆ ಎಳೆದುಕೊಂಡರು.

"ಗವಿರಂಗಯ್ಯ, ಒಂದ್ ಮಾತು ಮರ್ತೇಬಿಟ್ಟಿದ್ದೆ ಕಣಪ್ಪ. ನೀನು ಬಂದು ಕೇಳ್ದಾಗ ನಾನು ತಿಳೀದೆ ಮಾತು ಕೊಟ್ಟೆ. ಮನೇಲಿ ಹಿರಿಯರಿದ್ದಾರೆ. ಅವರನ್ನ ಕೇಳ್ದೆ ನಾನು ಹೊಸ್ತಿಲು ದಾಟೋದು ಹೆಂಗೆ?" ಎಂದರು.

ಗವಿರಂಗಯ್ಯನೂ ನಮ್ಮೂರಿನವನೇ. ಹಿರಿಯರ ಅಪ್ಪಣೆ ಎಂದರೆ ಬೇಡವೆನ್ನುವಂತಿಲ್ಲ. "ಕೇಳ್ಬಿಡಿ ಮತ್ತೆ, ಇಡ್ಲಿ ಹಿಟ್ಟು ಉಕ್ಕಿ ಕೂತೈತೆ," ಎಂದು ಒಳಗೆ ಬಂದ. ದೊಡ್ಡವರು ಬಲ್ಬಿನ ಕೆಳಗೆ ಕುತ್ತಿಗೆ ಪೂರ್ತಿ ಚಾಚಿ, ಕಾಲು ಹರವಿಕೊಂಡು, ಪರಮ ಸುಖದಲ್ಲಿದ್ದರು. ಅತ್ತೆ ಸೆರಗು ಸರಿಮಾಡಿಕೊಂಡು ಮುಂದೆ ನಿಂತು, ದನಿ ಎತ್ತರಿಸಿ, "ಹೋಟ್ಲಿನವ್ರು ಕರೀತಾವ್ರೆ. ಹೋಗಿರ್ಲಾ?" ಎಂದು ಕೇಳಿದರು. ಕೇಳಿ, ಮಂಡಿನೋವನ್ನೂ ಲೆಕ್ಕಿಸದೆ ಬಗ್ಗಿ, ಭಕ್ತಿಯಿಂದ ಕಾಲು ಮುಟ್ಟಿ ನಮಸ್ಕಾರ ಮಾಡಲು ಎರಡೂ ಕೈ ಚಾಚಿದರು.

ಬೆರಳು ತಾಗಿದ್ದೇ ತಡ, ಬುಸ್ಸೆಂದು ಉಸಿರುಬಿಟ್ಟು ತಲೆ, ಕಾಲು, ಬಾಲ ಎಲ್ಲವೂ ಒಟ್ಟಿಗೆ ಚಿಪ್ಪಿನೊಳಗೆ ಹೋದವು.

"ನೋಡ್ದಲ್ಲಪ್ಪ," ಎಂದರು ಅತ್ತೆ. ಗವಿರಂಗಯ್ಯ ತಲೆ ಕೆರೆದುಕೊಂಡ. "ಇನ್ನೊಂದ್ಸಲ ಕೇಳಿ ಅಮ್ಮಾ," ಎಂದ. "ಹಿರಿಯರನ್ನ ಎರಡೆರಡು ಸಲ ಕೇಳೋಕಾಗುತ್ತಾ? ಮುಖಾನೂ ತೋರಿಸ್ದೆ ಒಳಗೋದ್ರು. ಬೇಕಾದ್ರೆ ನೀನೇ ಕೇಳು." ಅವನು ಕೇಳಿದ. ಬೋರಲು ಬೀಳುವಷ್ಟು ಬಗ್ಗಿ ನಮಸ್ಕಾರವನ್ನೂ ಮಾಡಿದ. ಚಿಪ್ಪು ಅಲ್ಲಾಡಲಿಲ್ಲ. ಸಣ್ಣವರನ್ನಾದರೂ ಕೇಳೋಣವೆಂದು ಕೈಚಾಚಿದರೆ ಅವರೂ ಒಳಗೆ ಹೋದರು. ಗವಿರಂಗಯ್ಯ ಆಕಳಿಸುತ್ತ ಖಾಲಿ ಆಟೋ ಹತ್ತಿದ.

ಆಟೋದ ಸದ್ದು ಮರೆಯಾದ ಮೇಲೆ ಅತ್ತೆ ಟ್ರಂಕಿನ ಒಂದು ಹಿಡಿ ಹಿಡಿದರು. ಇನ್ನೊಂದನ್ನು ನಾನು ಹಿಡಿದೆ. ಕಣ್ಣಲ್ಲಿ ನೀರು ತುಂಬಿ ನನಗೆ ದಾರಿಯೇ ಕಾಣುತ್ತಿರಲಿಲ್ಲ. ಅದನ್ನು ಒಳಕೋಣೆಗೆ ಎಳೆದುಹಾಕಿ, ಇಬ್ಬರೂ ಅಡುಗೆಮನೆಗೆ ಹೋದೆವು. ಅತ್ತೆ ಬಾಗಿಲು ಮುಂದೆ ಮಾಡಿದರು, ನನ್ನ ಕಿವಿಯ ಹತ್ತಿರ ಬಾಗಿದರು.

"ಏನ್ ಹಟ ನೋಡೇ ಇಂದ್ರಾಣಿ," ಎಂದು ಪಿಸುಗುಟ್ಟಿದರು. "ಈ ವಯಸ್ಸಲ್ಲೂ ನನ್ನ ಒಂದಿನ ಈ ಮನೆ ಬಿಟ್ಟು ಕಳ್ಸಲ್ಲ ಅಂತಾರೆ."

"ಬಲು ಹಟ ಅತ್ತೆ," ಎಂದೆ ನಾನು.